ಡಬ್ಬಿಯೊಳಗಿನ ಗಾಳಿ

ರಾಮನಾಥಪುರದ ವಹ್ನಿಪುಷ್ಕರಿಣಿ. ಮೀನುಗಳಿಗೆ ಪುರಿ ಎಸೆಯುತ್ತಿದ್ದ ಗೌಡರ ಪಕ್ಕಕ್ಕೆ ಕರಪತ್ರ ಹಿಡಿದ ಏಜೆಂಟ್ ಬಂದು ಕೂತ.

“ಮೊಮ್ಮಗನಿಗೆ ಸೆರೆಬ್ರಲ್ ಪಾಲ್ಸಿಯಂತೆ? ಹೈಪರ್‌ಬೇರಿಕ್ ಆಕ್ಸಿಜನ್ ಕೊಡಿಸಿ. ಬೆಂಗಳೂರಲ್ಲಿ, ನಲವತ್ತೇ ಸಿಟ್ಟಿಂಗ್.”

“ಅದೇನ್ ಮಾಡ್ತದೆ?”

“ಡಬ್ಬಿಯಲ್ಲಿ ಮಲಗಿಸಿ, ಒತ್ತಡ ಏರಿಸಿ, ಶುದ್ಧ ಆಮ್ಲಜನಕ ಕೊಡ್ತಾರೆ. ಮಿದುಳು ಚಿಗುರುತ್ತೆ!”

ಒತ್ತಡದ ಮಾತು ನಿಜವೇ. ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ, ಆಳಸಮುದ್ರದ ಮುಳುಗುಗಾರರ ಕಾಯಿಲೆಗೆ, ಸಕ್ಕರೆ ಕಾಯಿಲೆಯವರ ಮಾಯದ ಕಾಲುಹುಣ್ಣಿಗೆ ಇದು ಒಪ್ಪಿತ ಚಿಕಿತ್ಸೆ. ಸೆರೆಬ್ರಲ್ ಪಾಲ್ಸಿ ಆ ಪಟ್ಟಿಯಲ್ಲಿಲ್ಲ, ಚಿಗುರುವುದೆಲ್ಲ ಕರಪತ್ರದಲ್ಲಿ.

“ಯಾರಿಗಾದ್ರೂ ಗುಣ ಆಗೈತಾ?”

“ಕೆನಡಾದಲ್ಲಿ 111 ಮಕ್ಕಳ ಮೇಲೆ ಪರೀಕ್ಷೆ ಆಗಿದೆ! 2001ರ ‘ಲ್ಯಾನ್ಸೆಟ್’ನಲ್ಲೇ ಬಂದಿದೆ. ಮಕ್ಕಳು ಸುಧಾರಿಸಿದ್ರು.”

ಪುರಿ ಮಾರುತ್ತಿದ್ದವಳ ಮಗಳು ನರ್ಸಿಂಗ್ ಓದುವ ಹುಡುಗಿ. “ಅದೇ ಪರೀಕ್ಷೇಲಿ ಚೂರು ಒತ್ತಡದ ಮಾಮೂಲಿ ಗಾಳಿ ಕುಡಿದ ಮಕ್ಕಳೂ ಅಷ್ಟೇ ಸುಧಾರಿಸಿದ್ರಲ್ಲ ಸಾರ್. ಅದನ್ಯಾಕೆ ನುಂಗಿದ್ರಿ?”

“ಅದು... ಎರಡನೇ ಪುಟದಲ್ಲಿದೆ.”

“ತೋರಿಸಿ.”

“ಇನ್ನೂ ಅಚ್ಚಾಗಿಲ್ಲಮ್ಮ.”

ಗೌಡರು ಕೈಗಂಟಿದ ಪುರಿ ಕೊಡವಿದರು. “ಹಾಸನಕ್ಕೆ ಫಿಸಿಯೋಥೆರಪಿಗೆ ಮಗೀನ ಎತ್ಕಂಡು ಬಸ್ ಹತ್ತೋದ್ರಲ್ಲೇ ಸೊಸೆ ಸೊಂಟ ಬಿದ್ದೋಗೈತೆ. ನಮ್ಮೂರಿಗೇ ಫಿಸಿಯೋದವ್ರನ್ನ ವಾರಕ್ಕೊಂದ್ಸಲ ಕರ್ಸಪ್ಪಾ.”

“ಅದರಲ್ಲಿ ಕಮಿಷನ್ ಎಲ್ಲಿದೆ ಗೌಡ್ರೇ?” ಎಂದವನೇ ಏಜೆಂಟ್, ಅರಕಲಗೂಡು ಬಸ್ಸಿನ ಹಾರ್ನ್ ಕೇಳಿ ಎದ್ದ.