ಬೆಂಗಳೂರು ವಿನ್ಯಾಸಕ ಭೇದ ಪ್ರಕರಣ

ಊರಿನ ಕಷ್ಟವನ್ನು ಊರಿನವರ ಜೊತೆ ಕೂತು ಬಗೆಹರಿಸುವವನು ವಿನ್ಯಾಸಕ. ಇದು ಲಕ್ಷಣ. ಬೆಂಗಳೂರಿನಲ್ಲಿ ಕಾಣಸಿಗುವ ಈ ಜೀವಿಯಲ್ಲಿ ಮೂಲಭೇದ ಎರಡು: ಚಪ್ಪಲಿ ಸವೆದವರು, ಸವೆಯದವರು.

ಸವೆಯದವರಲ್ಲಿ ಮುಖ್ಯ ಪ್ರಭೇದ ಚೀಟಿಲೇಪಕ. ಏಸಿ ಸಭಾಂಗಣವಾಸಿ. ಗೋಡೆಗೆ ಹಳದಿ ಚೀಟಿ ಅಂಟಿಸಿ, ಫೋಟೊ ತೆಗೆದು, ಊಟ ಮುಗಿಸಿ ಹೋಗುತ್ತದೆ. ಇದು ಬಿಡಿಸುವ ರಸ್ತೆಯಲ್ಲಿ ಮರಗಳೆಲ್ಲ ಹೂಬಿಟ್ಟಿರುತ್ತವೆ, ಸೊಪ್ಪಿನ ಗಾಡಿ ಮಾತ್ರ ಇರುವುದಿಲ್ಲ. ಇದಕ್ಕೆ ಇಷ್ಟು ವಿವರಣೆ ಧಾರಾಳವಾಯಿತು.

ಸವೆದವರಲ್ಲಿ ಶ್ರೇಷ್ಠ ಪಾತಾಳದರ್ಶಿ. ಡಾಂಬರಿನ ಕಾವು ಆರುವ ಮೊದಲೇ ರಸ್ತೆ ಅಗೆಯುವುದೇಕೆ ಎಂಬುದು ನಗರದ ಪುರಾತನ ಪ್ರಶ್ನೆ. ಉತ್ತರ ಮೇಲೆ ಸಿಗದು. ಕುಡಿಯುವ ನೀರು, ಒಳಚರಂಡಿ, ಬೆಸ್ಕಾಂ ಕೇಬಲ್, ಇಂಟರ್ನೆಟ್ ತಂತಿ ಎಲ್ಲಕ್ಕೂ ನೆಲದಡಿಯೇ ವಾಸ. ಒಬ್ಬರ ಅಗೆತ ಇನ್ನೊಬ್ಬರಿಗೆ ತಿಳಿಯದು. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಟೆಂಡರ್ ಶ್ಯೂರ್ ಯೋಜನೆ ಮೊದಲ ಕಂತಿನಲ್ಲಿ ಹಿಡಿದದ್ದು ರೆಸಿಡೆನ್ಸಿ, ಸೇಂಟ್ ಮಾರ್ಕ್ಸ್, ವಿಠ್ಠಲ್ ಮಲ್ಯ ಸೇರಿ ಏಳು ರಸ್ತೆ. ಅಲ್ಲಿ ಈ ಕೊಳವೆ, ತಂತಿಗಳನ್ನೆಲ್ಲ ಅಗಲವಾದ ಫುಟ್‌ಪಾತಿನ ಕೆಳಗೆ ಬೇರೆಬೇರೆ ಹಾದಿಗಳಲ್ಲಿ ಸಾಲಾಗಿ ಮಲಗಿಸಿ, ರಿಪೇರಿಗೆಂದು ಚೇಂಬರ್ ಇಟ್ಟರು. ನಡೆಯುವವರು ಫುಟ್‌ಪಾತನ್ನು ಹೊಗಳಿದರು, ಕಾರಿನವರು ರಸ್ತೆ ಕಿರಿದಾಯಿತೆಂದು ಬೈದರು. ಯಾರ ಕಣ್ಣಿಗೂ ಬೀಳದ ಸಾಧನೆ ಬೇರೆಯೇ: ಒಂದೇ ಮೀಟಿಂಗಿಗೆ ಕೂಡಿಬಾರದ ಇಲಾಖೆಗಳನ್ನು ಒಂದೇ ಕಲ್ಲುಹಾಸಿನಡಿ ಕೂಡಿಸಿದ್ದು. ಈ ವಿದ್ಯೆಯಲ್ಲಿ ಮುಕ್ಕಾಲು ಪಾಲು ಪಂಚಾಯ್ತಿಯೇ, ಪೆನ್ಸಿಲ್ ಆಮೇಲೆ.

ಮುಂದಿನದು ಮೌನಿ. 2010ರಿಂದ ಕಾಣಿಸಿಕೊಂಡ ‘ದಿ ಅಗ್ಲಿ ಇಂಡಿಯನ್’ ಬಳಗ ಇದಕ್ಕೆ ಉದಾಹರಣೆ. ಹೆಸರಿಲ್ಲ, ಮುಖವಿಲ್ಲ. ಕಸದ ಮೂಲೆಯಲ್ಲಿ ಯಾರು, ಯಾವಾಗ ಸುರಿಯುತ್ತಾರೆಂದು ಮೊದಲು ನೋಡುವುದು, ಆಮೇಲೆ ಬೀದಿಯವರನ್ನೇ ಸೇರಿಸಿಕೊಂಡು ಗುಡಿಸಿ, ಬಣ್ಣ ಬಳಿದು, ಗಿಡದ ಕುಂಡ ಇಡುವುದು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಬಣ್ಣವೇ ಏಕೆಂದು ಎಲೆಅಡಿಕೆ ಜಗಿಯುವವರನ್ನು ಕೇಳಬಹುದು.

ಗುಂಡಿಚಿತ್ರಕ ವಿರಳ. ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಗೆ ಬೊಂಬೆ ಮೊಸಳೆ ಬಿಟ್ಟರು; 2019ರಲ್ಲಿ ಹಳ್ಳಬಿದ್ದ ರಸ್ತೆಯನ್ನು ಚಂದ್ರಲೋಕ ಮಾಡಿ ಗಗನಯಾತ್ರಿಯನ್ನು ನಡೆಸಿದರು. ಪೂರ್ವಪಕ್ಷ: ಇವರು ಕಲಾವಿದರು, ವಿನ್ಯಾಸಕರಲ್ಲ. ಸಿದ್ಧಾಂತ: ಗುಂಡಿ ಮುಚ್ಚಿತಲ್ಲ! ಕರೆಯೋಲೆ ಇಲ್ಲದೆಯೇ ಪಾಲಿಕೆ ಕೈಜೋಡಿಸಿತಲ್ಲ! ಶಾಸ್ತ್ರದಲ್ಲಿ ಇದಕ್ಕೆ ಲಜ್ಜಾಸಹಯೋಗವೆಂದು ಹೆಸರು.

ಯಾವ ವರ್ಗಕ್ಕೂ ಒಗ್ಗದ ಇನ್ನೊಂದು ಜೀವಿಯಿದೆ: ಮಳೆಗಾಲದಲ್ಲಿ ಬಾಯ್ದೆರೆದ ಮ್ಯಾನ್‌ಹೋಲಿಗೆ ಮರದ ಕೊಂಬೆ ಸಿಕ್ಕಿಸಿ ಹೋಗುವವನು. ಆ ಸಂಜ್ಞೆ ಓದಲು ಬಾರದ ಸ್ಕೂಟರ್ ಸವಾರ ಈ ಊರಲ್ಲಿಲ್ಲ. ಆದರೆ ಟೆಂಡರ್ ಕರೆಯದೆ ಆದ ಕೆಲಸವಾದ್ದರಿಂದ, ಇದನ್ನು ವಿನ್ಯಾಸವೆಂದು ಒಪ್ಪಬೇಕೋ ಬೇಡವೋ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ.