ಹಸಿರು ಒಡೆದ ಆರೋಪಿ

ಈ ಸಲದ ಅತಿಥಿ ಅಂಗೈಗಿಂತ ಚಿಕ್ಕದು. ಗಾಜಿನ ಮೇಲೆ ಕಾಲು ಮಿಲಿಮೀಟರ್ ದಪ್ಪಕ್ಕೆ ಸಿಲಿಕಾ ಪುಡಿ ಬಳಿದ ಬಿಳಿ ಫಲಕ. ಪ್ರಯೋಗಶಾಲೆಯಲ್ಲಿ ಟಿಎಲ್‌ಸಿ ಪ್ಲೇಟ್ ಅನ್ನುತ್ತಾರೆ. ಪಾಲಕ್ ಎಲೆಯ ಒಗ್ಗಟ್ಟಿನ ಹಸಿರನ್ನು ಒಡೆದದ್ದು ಇದೇ ಎಂಬ ದೂರಿದೆ.

ಕೂಡಿ ಬಾಳುತ್ತಿದ್ದ ಬಣ್ಣಗಳಲ್ಲಿ ಒಡಕು ತಂದಿರಲ್ಲ?

ಕೂಡಿ ಇದ್ದರು, ಒಂದಾಗಿ ಇರಲಿಲ್ಲ. ಎಲೆಯ ರಸದ ಒಂದು ಚುಕ್ಕಿ ನನ್ನ ಮೇಲಿಟ್ಟು, ಹೆಕ್ಸೇನ್‌ಗೆ ಅಸಿಟೋನ್ ಬೆರೆಸಿದ ದ್ರಾವಕದಲ್ಲಿ ನಿಲ್ಲಿಸುತ್ತಾರೆ. ದ್ರಾವಕದ ಮಟ್ಟ ಚುಕ್ಕಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಬಣ್ಣವೆಲ್ಲ ಅದರಲ್ಲೇ ಕರಗಿಹೋಗುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ನನ್ನ ಕಣಗಳ ಸಂದಿಯಲ್ಲಿ ಏರುತ್ತಾ ಬಣ್ಣಗಳನ್ನೂ ಎಳೆಯುತ್ತದೆ. ನನ್ನ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳಿಗೆ ಆಕ್ಸಿಜನ್ ಹೊತ್ತ ಅಣುಗಳೆಂದರೆ ಇಷ್ಟ; ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಕ್ಯಾರೊಟಿನ್‌ನಲ್ಲಿರುವುದು ಇಂಗಾಲ, ಹೈಡ್ರೋಜನ್ ಮಾತ್ರ. ಹಿಡಿಯಲು ಏನೂ ಸಿಗದೆ ಅದು ಹಳದಿಯಾಗಿ ತುದಿಗೆ ಓಡುತ್ತದೆ. ನಡುವೆ ಕ್ಲೋರೊಫಿಲ್ ಎ, ತುಸು ಕೆಳಗೆ ಕ್ಲೋರೊಫಿಲ್ ಬಿ. ಎರಡಕ್ಕೂ ಅಂತರ ಒಂದು ಆಕ್ಸಿಜನ್ ಪರಮಾಣು, ಎರಡು ಹೈಡ್ರೋಜನ್. ಅಷ್ಟಕ್ಕೇ ನಡಿಗೆ ಬದಲಾಗುತ್ತದೆ! ಲ್ಯೂಟಿನ್ ಇನ್ನೂ ಕೆಳಗೆ.

ಹಿಡಿದಿಡುವುದು ಪಕ್ಷಪಾತವಲ್ಲವೇ?

ಪಕ್ಷಪಾತವೇ. ಆದರೆ ದ್ರಾವಕವನ್ನು ಸಜ್ಜನರ ಪಟ್ಟಿಗೆ ಸೇರಿಸಿ ನನ್ನೊಬ್ಬನನ್ನೇ ಕಟಕಟೆಗೆ ಹತ್ತಿಸಬೇಡಿ. ಬರೀ ಹೆಕ್ಸೇನ್ ಇಟ್ಟರೆ ಕ್ಲೋರೊಫಿಲ್ ಕುಳಿತಲ್ಲೇ ಉಳಿಯುತ್ತದೆ. ಬರೀ ಅಸಿಟೋನ್ ಇಟ್ಟರೆ ಎಲ್ಲರೂ ಒಟ್ಟಿಗೆ ಮೇಲಕ್ಕೆ ನುಗ್ಗುತ್ತಾರೆ. ಎರಡೂ ಸಲ ಫಲಕ ನಾನೇ, ಸರಿಯಾದ ಬೇರ್ಪಡಿಕೆ ಮಾತ್ರ ಇಲ್ಲ. ನನ್ನ ಹಿಡಿತ, ದ್ರಾವಕದ ಎಳೆತ ಸಮಬಲಕ್ಕೆ ಬಂದಾಗಲೇ ಸಾಲು ಬಿಡಿಸಿಕೊಳ್ಳುತ್ತದೆ. ಅದಕ್ಕೇ ಒಂದೇ ಚುಕ್ಕಿ ಕಂಡ ಕೂಡಲೇ 'ಶುದ್ಧ' ಎಂದು ಮುದ್ರೆ ಒತ್ತುವವರನ್ನು ಕಂಡರೆ ನನಗೆ ನಗು. ದ್ರಾವಕ ಬದಲಿಸಿ ನೋಡಲಿ, ಆಮೇಲೆ ಒತ್ತಲಿ.

ಆ ಬಣ್ಣಗಳನ್ನು ನೀವೇ ಹುಟ್ಟಿಸಿದ್ದಿರಬಹುದಲ್ಲ?

ಇದು ತೂಕದ ಪ್ರಶ್ನೆ, ಹಳೆಯದೂ ಹೌದು. 1903ರಲ್ಲಿ ವಾರ್ಸಾದಲ್ಲಿ ಮಿಖಾಯಿಲ್ ತ್ಸ್ವೆಟ್ ಎಂಬ ಸಸ್ಯವಿಜ್ಞಾನಿ, ಫಲಕವಿಲ್ಲದೆಯೇ, ಪುಡಿಯ ಹಿಡಿತದಿಂದ ಬಣ್ಣ ಬಿಡಿಸುವ ವಿಧಾನವನ್ನು ಮೊದಲು ವಿವರಿಸಿದ. ಮುಂದೆ ಸೀಮೆಸುಣ್ಣದಂಥ ಪುಡಿಯ ಕೊಳವೆಯಲ್ಲಿ ಎಲೆಯ ಬಣ್ಣ ಬಿಡಿಸಿದಾಗ, ಪುಡಿಯೇ ಬಣ್ಣವನ್ನು ಕೆಡಿಸುತ್ತದೆ ಎಂದು ದೊಡ್ಡ ರಸಾಯನಶಾಸ್ತ್ರಜ್ಞರು ಶಂಕಿಸಿದರು. ಶಂಕೆಗೆ ಆಧಾರವಿಲ್ಲದಿಲ್ಲ. ನಾನು ತುಸು ಆಮ್ಲೀಯ. ಕ್ಲೋರೊಫಿಲ್‌ನ ಮೆಗ್ನೀಸಿಯಂ ಕಿತ್ತುಕೊಂಡು ಬೂದು ಬಣ್ಣದ ಫಿಯೊಫೈಟಿನ್ ಮಾಡಿಬಿಡಬಲ್ಲೆ. ಆದರೆ ಪರೀಕ್ಷೆ ಸುಲಭ. ಚೌಕ ಫಲಕದ ಮೂಲೆಯಲ್ಲಿ ಚುಕ್ಕಿಯಿಟ್ಟು ಒಮ್ಮೆ ಓಡಿಸಿ, ಒಣಗಿಸಿ, ಕಾಲು ಸುತ್ತು ತಿರುಗಿಸಿ ಅದೇ ದ್ರಾವಕದಲ್ಲಿ ಮತ್ತೆ ಓಡಿಸಿ. ಬದಲಾಗದವರು ಎರಡು ಸಲವೂ ಒಂದೇ ದೂರ ನಡೆದು ಕರ್ಣರೇಖೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ನಡುವೆ ಕೆಟ್ಟವರು ರೇಖೆ ಬಿಟ್ಟು ಹೊರಗೆ ಸಿಕ್ಕಿಬೀಳುತ್ತಾರೆ.

ಹಾಗಾದರೆ ದೂರು ಹಿಂದಕ್ಕೆ ಪಡೆಯೋಣವೇ?

ಮೊದಲು ಆ ಪೆನ್ನು ಕೆಳಗಿಡಿ. ಆರಂಭದ ಗೆರೆಗೆ ಪೆನ್ಸಿಲ್ಲೇ ಆಗಬೇಕು, ಗ್ರಾಫೈಟ್ ಕರಗುವುದಿಲ್ಲ. ಶಾಯಿಯೂ ಮಿಶ್ರಣವೇ, ದ್ರಾವಕ ತಾಗಿದರೆ ಅದೂ ಎದ್ದು ಮೆರವಣಿಗೆ ಸೇರಿಬಿಡುತ್ತದೆ.