ಹಾಯಿದೋಣಿಯ ನಾದೋಪಾಸಕ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿಯಾದ ಅನಾಪೊಲಿಸ್ ಪಟ್ಟಣವು ಚೆಸಪೀಕ್ ಕೊಲ್ಲಿಯ ದಡದಲ್ಲಿರುವುದರಿಂದ, ಅಲ್ಲಿ ಹಾಯಿದೋಣಿ ಇಟ್ಟುಕೊಂಡವರಿಗೆ ಲೆಕ್ಕವಿಲ್ಲ; ಇಟ್ಟುಕೊಂಡವರಲ್ಲಿ ಅದನ್ನು ನಡೆಸುವವರದು ಒಂದು ವರ್ಗ, ಸುಧಾರಿಸುವವರದು ಇನ್ನೊಂದು ವರ್ಗ. ಇಲ್ಲಿ ವರ್ಣಿಸಹೊರಟಿರುವ ಮಹನೀಯರು ಎರಡನೆಯ ವರ್ಗಕ್ಕೆ ಭೂಷಣಪ್ರಾಯರು. ಬೇಸಗೆಯ ಶನಿವಾರ, ಗಾಳಿ ಅನುಕೂಲವಾಗಿ ಬೀಸುತ್ತ, ನೆರೆಹೊರೆಯ ದೋಣಿಗಳೆಲ್ಲ ಹಾಯಿ ಬಿಚ್ಚಿ ಕೊಲ್ಲಿಯ ಕಡೆಗೆ ತೆರಳಿದ ಹೊತ್ತಿನಲ್ಲಿ, ಇವರು ತಮ್ಮ ದೋಣಿಯ ಆಸನದ ಕೆಳಗಣ ಉಗ್ರಾಣದೊಳಕ್ಕೆ ತಲೆಕೆಳಗಾಗಿ ಇಳಿದು, ಪಾದದ್ವಯವನ್ನು ಮಾತ್ರ ಲೋಕದ ದರ್ಶನಕ್ಕೆ ಬಿಟ್ಟಿರುತ್ತಾರೆ. ತೇರು ಬೀದಿಗಿಳಿಯದಿದ್ದರೂ ವರ್ಷವಿಡೀ ತೇರಿಗೆ ಬಣ್ಣ ಬಳಿಸುತ್ತಲೇ ಇರುವ ಧರ್ಮದರ್ಶಿಯಂತೆ, ಚುಕ್ಕಾಣಿಯ ಸುತ್ತಣ ತೆರೆದ ತಗ್ಗಿಗೆ, ಎಂದರೆ ನಾವಿಕರು ಕಾಕ್‌ಪಿಟ್ ಎನ್ನುವ ಸ್ಥಳಕ್ಕೆ, ಉತ್ತಮೋತ್ತಮವಾದ ಧ್ವನಿವ್ಯವಸ್ಥೆಯನ್ನು ಅಳವಡಿಸುವ ಕೈಂಕರ್ಯದಲ್ಲಿ ಅವರು ಮಗ್ನರು.

ಹಾಯಿದೋಣಿಯನ್ನೇ ಏಕೆ ಕೊಂಡಿರೆಂದು ಅವರನ್ನು ಕೇಳಿದರೆ, ಮೋಟಾರುದೋಣಿಗಳ ಗದ್ದಲವನ್ನು ಮನಸಾರೆ ಖಂಡಿಸಿ, ನೀರಿನ ಮೇಲಣ ನಿಶ್ಶಬ್ದತೆಯ ಮಹಿಮೆಯನ್ನು ಕುರಿತು ಒಂದು ಉಪನ್ಯಾಸವನ್ನೇ ಕೊಟ್ಟಾರು. ಅಷ್ಟು ದ್ರವ್ಯ ವ್ಯಯಮಾಡಿ ಸಂಪಾದಿಸಿದ ನಿಶ್ಶಬ್ದತೆಯನ್ನು ಮುಂದೇನು ಮಾಡತಕ್ಕುದೆಂದು ತೋಚದೆ, ಅದರಲ್ಲಿ ಸ್ಪೀಕರುಗಳನ್ನು ಕೂರಿಸತೊಡಗಿದ್ದಾರೆಂದು ನಾವು ಊಹಿಸಿಕೊಳ್ಳಬೇಕು.

ಆರಂಭವು ಅತ್ಯಲ್ಪವಾದುದು. ಬಿಸಿಲಿಗೂ ಉಪ್ಪುಗಾಳಿಗೂ ಬಿರುಕುಬಿಟ್ಟ ಎರಡು ಹಳೆಯ ಸ್ಪೀಕರುಗಳನ್ನು ತೆಗೆದು, 1970ರಿಂದ ಅದೇ ಪಟ್ಟಣದಲ್ಲಿ ನಡೆದುಬಂದಿರುವ ಅಕ್ಟೋಬರ್ ತಿಂಗಳ ಹಾಯಿದೋಣಿ ಪ್ರದರ್ಶನದಲ್ಲಿ ಕಂಡು ಮೋಹಗೊಂಡ, ನೀರು ಹೊಗದ, 6.5 ಅಂಗುಲದ ಎರಡು ಹೊಸ ಸ್ಪೀಕರುಗಳನ್ನು ಹಾಕುವುದು, ಅಷ್ಟೇ. ಆದರೆ ಹೊಸ ಸ್ಪೀಕರುಗಳಿಗೆ ಹಳೆಯ ರೇಡಿಯೋ ನೀಡುವ ಶಕ್ತಿ ಸಾಲದಾದುದರಿಂದ ಆಂಪ್ಲಿಫೈಯರು ಬಂತು. ಆಂಪ್ಲಿಫೈಯರಿಗೆ ದಪ್ಪ ತಂತಿ ಬೇಕಾಯಿತು. ಬರಿಯ ತಾಮ್ರವು ಕಡಲಗಾಳಿಗೆ ಕಿಲುಬು ಹಿಡಿಯುವುದರಿಂದ ತವರದ ಲೇಪವುಳ್ಳ ತಂತಿಯೇ ಆಗಬೇಕಾಯಿತು. ಬ್ಯಾಟರಿಯಿಂದ 7 ಅಂಗುಲದೊಳಗೆ ಫ್ಯೂಸು ಇರತಕ್ಕದ್ದೆಂಬ ಅಲ್ಲಿನ ದೋಣಿಗಾರರ ನಿಯಮವನ್ನು ಪಾಲಿಸಹೋಗಿ ವಿದ್ಯುತ್ ಫಲಕವೇ ಸ್ಥಾನಪಲ್ಲಟಗೊಂಡಿತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಕ್ಕೆ ಬರಿದುಮಾಡಿದರೆ ಅದರ ಆಯುಸ್ಸು ಕ್ಷೀಣಿಸುವುದೆಂದು ಎರಡನೆಯದೊಂದು ಬಂದು ಸೇರಿತು. ಆ ಎರಡಕ್ಕೂ ಗ್ರಾಸವೊದಗಿಸಲು ಸಾಕ್ಷಾತ್ ಸೂರ್ಯನಾರಾಯಣನನ್ನೇ ನಿಯೋಜಿಸಿ, ಹಿಂಬದಿಯ ಕಮಾನಿನ ಮೇಲೆ ಸೌರಫಲಕವನ್ನು ಪ್ರತಿಷ್ಠಾಪಿಸಿದ್ದಾಯಿತು. ಇಷ್ಟರ ನಡುವೆ ಗರಗಸದಿಂದ ದೋಣಿಯ ಮೈಯಲ್ಲಿ ಕೊರೆದ ರಂಧ್ರಗಳ ಅಂಚಿಗೆ ಎಪಾಕ್ಸಿ ಬಳಿಯದಿದ್ದರೆ, ಫೈಬರ್‌ಗ್ಲಾಸಿನ ಪದರಗಳ ನಡುವಣ ಬಾಲ್ಸಾ ಮರಕ್ಕೆ ನೀರು ಇಳಿದು ಕೊಳೆಯುವುದಾದ್ದರಿಂದ, ಅದು ಒಣಗುವತನಕ ಇನ್ನೊಂದು ವಾರ.

“ಹಾಗಾದರೆ ನಾವು ಸೇಂಟ್ ಮೈಕಲ್ಸಿಗೆ ಹೋಗುವುದು ಯಾವಾಗ?” ಎಂದು ಪತ್ನಿ, ಕೊಲ್ಲಿಯ ಆಚೆ ದಡದ ಊರಿನ ಹೆಸರೆತ್ತಿ ಕೇಳಿದರೆ, “ತಂತಿ ಬರಲಿ” ಎಂಬುದೇ ಉತ್ತರ.

ಸೌಂದರ್ಯದೃಷ್ಟಿಯುಳ್ಳವರಾದ್ದರಿಂದ ಅವರು ಸ್ಪೀಕರುಗಳನ್ನು ಚುಕ್ಕಾಣಿಯ ಎಡಬಲಗಳಲ್ಲಿ, ದ್ವಾರಪಾಲಕರ ಸ್ಥಾನದಲ್ಲಿ, ನಿಲ್ಲಿಸಿದರು. ಚುಕ್ಕಾಣಿಯ ಕಂಬದ ಮೇಲೆಯೇ ದಿಕ್ಸೂಚಿಯಿರುವುದೂ, ಪ್ರತಿಯೊಂದು ಸ್ಪೀಕರಿನ ಹಿಂದೆಯೂ ಬಲಿಷ್ಠವಾದ ಅಯಸ್ಕಾಂತವಿರುವುದೂ ಅವರಿಗೆ ತಿಳಿಯದ ಸಂಗತಿಗಳಲ್ಲ. ಆದರೂ ಎರಡನ್ನೂ ಕೂಡಿಸಿ ಯೋಚಿಸುವಷ್ಟು ವ್ಯವಧಾನವಿರಲಿಲ್ಲ. ಅಂದಿನಿಂದ ಉತ್ತರ ಧ್ರುವವು ಎಡಗಡೆಯ ಸ್ಪೀಕರಿನೊಳಗೆ ವಾಸಿಸುತ್ತಿದೆ. ಅದನ್ನು ತೋರಿಸಿಕೊಟ್ಟ ಸ್ನೇಹಿತನಿಗೆ ಅವರು, ದಿಕ್ಕನ್ನು ತಿಳಿಸಲು ಆಕಾಶದಲ್ಲಿ ಉಪಗ್ರಹಗಳಿರುವಾಗ ಒಂದು ಸೂಜಿಯ ಅಭಿಪ್ರಾಯಕ್ಕೆ ಅಷ್ಟೊಂದು ಬೆಲೆ ಕೊಡಬೇಕಾಗಿಲ್ಲವೆಂದು ಸಮಾಧಾನ ಹೇಳಿದರು.

ಇಷ್ಟಾಗಿ ಅವರು ಸಂಗೀತರಸಿಕರೆಂದು ಯಾರೂ ಭ್ರಮಿಸಬಾರದು. ಪರೀಕ್ಷಾರ್ಥವಾಗಿ ಇಟ್ಟುಕೊಂಡಿರುವ ಹಾಡು ಒಂದೇ. ಅದರ ಪಲ್ಲವಿ ಮುಗಿಯುವಷ್ಟರಲ್ಲಿ ತಿದ್ದತಕ್ಕ ದೋಷವೊಂದು ಕಿವಿಗೆ ಬಿದ್ದು, ಹಾಡು ನಿಂತು, ತಿರುಪುಳಿ ಕೈಗೆ ಬರುವುದರಿಂದ, ಅದರ ಚರಣಗಳಲ್ಲಿ ಏನಿದೆಯೆಂಬುದು ಆ ದೋಣಿಯಲ್ಲಿ ಇಂದಿಗೂ ಅಜ್ಞಾತವಾದ ವಿಷಯ.

ಕಟ್ಟಕಡೆಗೆ ಯಾತ್ರೆಯೂ ಸಿದ್ಧಿಸಿತು. ಹಾಯಿ ತುಂಬಿ ದೋಣಿ ಓಡತೊಡಗಿದೊಡನೆ, ಗಾಳಿಯ ಭೋರಿನಲ್ಲಿ ಸಂಗೀತವು ಕೇಳಿಸದಾಗಲು, ಅವರು ಧ್ವನಿಯನ್ನು ಏರಿಸಿದರು. ಏರಿಸಲಾಗಿ, ಆಪತ್ಕಾಲದ ಕರೆಗಳಿಗೆಂದು ಮೀಸಲಾದ ರೇಡಿಯೋದ 16ನೆಯ ಚಾನೆಲ್ಲು ಕೇಳಿಸದಾಯಿತು. ಸಮುದ್ರದ ಮೇಲೆ ಢಿಕ್ಕಿ ತಪ್ಪಿಸುವ ಸಲುವಾಗಿ 1972ರಲ್ಲಿ ರಚಿತವಾದ ಅಂತರರಾಷ್ಟ್ರೀಯ ನಿಯಮಾವಳಿಯ ಐದನೆಯ ನಿಯಮವು, ನಾವಿಕನು ಕಣ್ಣಿನಿಂದಲೂ ಕಿವಿಯಿಂದಲೂ ಸದಾ ಕಾವಲಿರತಕ್ಕುದೆಂದು ವಿಧಿಸುತ್ತದೆ. ನಮ್ಮವರ ಕಿವಿ ಕಾವಲಿತ್ತು ನಿಜ. ಆದರೆ ಎಡ ಸ್ಪೀಕರು ಬಲದ್ದಕ್ಕಿಂತ ಕೊಂಚ ಮಂದವಾಗಿಲ್ಲವೆ ಎಂಬುದರ ಮೇಲೆ.

ಸಂಜೆ ನಿಶ್ಚಲವಾದ ಒಂದು ಹಿನ್ನೀರಿನಲ್ಲಿ ಲಂಗರು ಬಿತ್ತು. ತಣ್ಣಗಿನ ನೀರಿಗೆ ತಾಗಿದ ಗಾಳಿ ತಂಪಾಗಿಯೂ ಮೇಲಣ ಗಾಳಿ ಬೆಚ್ಚಗೂ ಇರುವಾಗ, ಮೇಲೇರಿದ ಶಬ್ದವು ಬಾಗಿ ಮರಳಿ ಕೆಳಕ್ಕೇ ಬರುವುದು ಪ್ರಕೃತಿನಿಯಮವಾದ್ದರಿಂದ, ಅಲ್ಲಿ ವಿಶ್ರಮಿಸುತ್ತಿದ್ದ ದೋಣಿಗಳೆಲ್ಲವೂ ಆ ಪಲ್ಲವಿಯನ್ನು ಪುನಃಪುನಃ ಆಲಿಸುವ ಭಾಗ್ಯಕ್ಕೆ ಪಾತ್ರವಾದವು. ಸ್ವಲ್ಪ ಹೊತ್ತಿನಲ್ಲಿ ವೃದ್ಧರೊಬ್ಬರು ಪುಟ್ಟ ದೋಣಿಯಲ್ಲಿ ಹುಟ್ಟುಹಾಕುತ್ತ ಸಮೀಪಕ್ಕೆ ಬಂದು, ಕೋಪವನ್ನು ಸೌಜನ್ಯದಿಂದ ಮುಚ್ಚಿಕೊಂಡು ಹೇಳಿದರು:

“ಕ್ಷಮಿಸಿ, ನಿಮ್ಮ ಸಂಗೀತ ನಮ್ಮ ದೋಣಿಯವರೆಗೂ ಕೇಳಿಸುತ್ತಿದೆ.”

“ಹೌದೆ! ಮಂದ್ರಸ್ವರಗಳೂ ಕೇಳಿಸುತ್ತಿವೆಯೆ?”

ಪ್ರಾಮಾಣಿಕರಾದ ಆ ವೃದ್ಧರು ಅರೆಕ್ಷಣ ಯೋಚಿಸಿ, “ಅವು ಅಷ್ಟಾಗಿ ಇಲ್ಲ” ಎಂದರು.

“ನನಗೂ ಅದೇ ಸಂಶಯವಿತ್ತು, ಹೇಳಿ ಉಪಕಾರ ಮಾಡಿದಿರಿ” ಎಂದು ನಮ್ಮವರು ಕೃತಜ್ಞತೆಯಿಂದ ಅವರ ಕೈ ಕುಲುಕಿ, ಅಳತೆಯ ಪಟ್ಟಿ ಎಲ್ಲಿದೆಯೆಂದು ಪತ್ನಿಯನ್ನು ಕೇಳಿದರು.